ಹಗುರ ಮಾಡುವ ಮುನ್ನ ಭಾರದ ಕೆಲಸ ತಿಳಿದುಕೋ

ತಮ್ಮಾ, ಡೀಸೆಲ್ ಜೀಪಿನ ಫ್ಲೈವೀಲ್ ಬಿಚ್ಚಿಸಿ, ಲೇತಿಗೆ ಕೊಟ್ಟು ಹಗುರ ಮಾಡಿಸಬೇಕು, ಪಿಕಪ್ ಹೆಚ್ಚಿಸಿಕೊಳ್ಳಬೇಕು ಎಂದು ನೀನು ಹೊರಟಿದ್ದೀಯ. ಆಸೆ ತಪ್ಪಲ್ಲ. ಎಂಜಿನ್ನಿನಲ್ಲಿ ತಿರುಗುವ ಭಾರ ಇಳಿದರೆ ಗಾಡಿ ಚುರುಕಾಗುವುದು ನಿಜ. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಆ ಭಾರ ಸುಮ್ಮನೆ ಕೂತಿಲ್ಲ, ದುಡಿಯುತ್ತಿದೆ. ಯಾವ ಭಾರ ಏನು ಕೆಲಸ ಮಾಡುತ್ತಿದೆ ಎಂದು ತಿಳಿದುಕೊಂಡ ಮೇಲೆಯೇ ಅದಕ್ಕೆ ಕೈಹಾಕು.

ಮೊದಲು ಲಾಭದ ಲೆಕ್ಕ ನೋಡೋಣ. ತಿರುಗುವ ವಸ್ತುವಿನಲ್ಲಿ ಎಷ್ಟು ಭಾರವಿದೆ ಎನ್ನುವುದಕ್ಕಿಂತ ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಎನ್ನುವುದು ಮುಖ್ಯ. ದೂರ ಇಮ್ಮಡಿಯಾದರೆ ಅದರ ಪರಿಣಾಮ ನಾಲ್ಮಡಿ. 30 ಸೆಂ.ಮೀ. ಅಗಲದ ಫ್ಲೈವೀಲಿನ ಅಂಚಿನ ಹತ್ತಿರ, ನಡುವಿನಿಂದ 14 ಸೆಂ.ಮೀ. ದೂರದಲ್ಲಿ, 3 ಕೆ.ಜಿ. ತೆಗೆದೆ ಎಂದಿಟ್ಟುಕೋ. ಫಸ್ಟ್ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ 16 ಸುತ್ತು ತಿರುಗುತ್ತದೆ, ಟೈರಿನ ನಡುವಿನಿಂದ ನೆಲಕ್ಕೆ 35 ಸೆಂ.ಮೀ. ಇದೆ ಎನ್ನೋಣ. ಆಗ ವೇಗ ಏರಿಸುವ ಹೊತ್ತಿನಲ್ಲಿ ಗಾಡಿಯಿಂದ ಸುಮಾರು 120 ಕೆ.ಜಿ. ಇಳಿಸಿದಷ್ಟು ಅನುಕೂಲ ಸಿಗುತ್ತದೆ. ಅದೇ 3 ಕೆ.ಜಿ.ಯನ್ನು 7 ಸೆಂ.ಮೀ. ದೂರದಲ್ಲಿ ತೆಗೆದರೆ ಬರೀ 30 ಕೆ.ಜಿ.ಯಷ್ಟು. ಇನ್ನು ಟಾಪ್ ಗೇರಿನಲ್ಲಿ, ಚಕ್ರದ ಒಂದು ಸುತ್ತಿಗೆ ಎಂಜಿನ್ 4 ಸುತ್ತು ತಿರುಗುವಾಗ, ಅಂಚಿನಿಂದ ತೆಗೆದದ್ದರ ಲಾಭವೂ 8 ಕೆ.ಜಿ.ಗಿಂತ ಕಡಿಮೆ.

ಅಂದರೆ ಈ ಚುರುಕು ಕೆಳಗಿನ ಗೇರುಗಳಲ್ಲಿ, ವೇಗ ಏರಿಸುವಾಗ ಮಾತ್ರ ಸಿಗುವಂಥದ್ದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಏನೇನೂ ವ್ಯತ್ಯಾಸವಿಲ್ಲ. ಎಂಜಿನ್ನಿನ ಎಚ್‌ಪಿ ಒಂದಿಷ್ಟೂ ಹೆಚ್ಚುವುದಿಲ್ಲ, ಉದ್ದದ ಓಟದಲ್ಲಿ ಮೈಲೇಜೂ ಏರುವುದಿಲ್ಲ. ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಈಗ ಭಾರದ ಕೆಲಸಕ್ಕೆ ಬರೋಣ. ಹಳ್ಳಿಯ ಹಿಟ್ಟಿನ ಗಿರಣಿಗಳಲ್ಲಿ, ಆಲೆಮನೆಗಳಲ್ಲಿ ಓಡುತ್ತಿದ್ದ ಲಿಸ್ಟರ್ ಮಾದರಿಯ ಎಂಜಿನ್ ನೋಡಿದ್ದೀಯಾ? ಒಂದೇ ಸಿಲಿಂಡರ್, 6 ಎಚ್‌ಪಿ, ನಿಮಿಷಕ್ಕೆ 650 ಸುತ್ತು, ಎರಡೂ ಬದಿಗೆ ಒಬ್ಬ ಆಳು ಎತ್ತಿ ಇಡಲಾಗದಂಥ ಫ್ಲೈವೀಲು. ಅದನ್ನು ಚಾಲೂ ಮಾಡುವ ಬಗೆಯಲ್ಲೇ ಪಾಠವಿದೆ. ಮೊದಲು ವಾಲ್ವ್ ಎತ್ತಿಹಿಡಿಯುವ ಲಿವರ್ ಹಾಕಿ, ಸಿಲಿಂಡರಿನಲ್ಲಿ ಗಾಳಿ ಒತ್ತದಂತೆ ಮಾಡಿಕೊಂಡು ಹ್ಯಾಂಡಲ್ ತಿರುಗಿಸಬೇಕು. ಫ್ಲೈವೀಲುಗಳಿಗೆ ಓಟ ಬಂದ ಮೇಲೆ ಲಿವರ್ ಬಿಡಬೇಕು. ಮನುಷ್ಯನ ತೋಳಿನಿಂದ ನೇರವಾಗಿ ಆಗದ ಆ ಒತ್ತುವ ಕೆಲಸವನ್ನು, ಚಕ್ರದಲ್ಲಿ ಸೇರಿದ ಓಟ ಒಂದೇ ಏಟಿಗೆ ಮಾಡಿ ಮುಗಿಸುತ್ತದೆ. ಎಂಜಿನ್ ಹತ್ತಿಕೊಳ್ಳುತ್ತದೆ.

ನಿನ್ನ ಜೀಪಿನಲ್ಲೂ ನಡೆಯುವುದು ಇದೇ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯನ್ನು ಸುಮಾರು 10 ಪಟ್ಟು ಒತ್ತಿದರೆ, ಹಳೆಯ ಡೀಸೆಲ್ ಎಂಜಿನ್ನಿನಲ್ಲಿ 18 ಪಟ್ಟಿನ ಆಸುಪಾಸು ಒತ್ತಬೇಕು. ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಯಿಂದಲೇ ಡೀಸೆಲ್ ಹತ್ತಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅರ್ಧ ಸುತ್ತಿಗೊಂದು ಸಲ ಬಲವಾದ ತಳ್ಳು ಸಿಗುತ್ತದೆ. ನಡುವೆ ಮುಂದಿನ ಸಿಲಿಂಡರಿನ ಗಾಳಿ ಒತ್ತುವ ಸಾಲವನ್ನು ಫ್ಲೈವೀಲೇ ತೀರಿಸುತ್ತದೆ. ಅದನ್ನು ತೀರಾ ತೆಳ್ಳಗೆ ಮಾಡಿದರೆ ಐಡ್ಲಿಂಗಿನಲ್ಲಿ ಗಾಡಿ ನಡುಗುತ್ತದೆ. ಘಾಟಿಯಲ್ಲಿ ನಿಲ್ಲಿಸಿ ಎತ್ತುವಾಗ ಎಂಜಿನ್ ಆಫ್ ಆಗುತ್ತದೆ. ಆಫ್ ಆಗದಿರಲೆಂದು ಆಕ್ಸಿಲರೇಟರ್ ಒತ್ತಿ ಅರ್ಧ ಕ್ಲಚ್ಚಿನಲ್ಲಿ ಎಳೆಯುತ್ತೀಯ, ಕ್ಲಚ್ ಪ್ಲೇಟ್ ಸುಡುತ್ತದೆ. ತೋಟದ ಕೆಸರಿನಲ್ಲಿ ನಿಧಾನವಾಗಿ ಹತ್ತಬೇಕಾದವನಿಗೆ, ಟ್ರೇಲರ್ ಎಳೆಯುವವನಿಗೆ, ಕಂಪನಿ ಕೊಟ್ಟ ಭಾರವೇ ಒಳ್ಳೆಯದು. ಹಗುರ ಫ್ಲೈವೀಲು ಹೊಂದುವುದು ರ‍್ಯಾಲಿಗೆ, ಪಂದ್ಯದ ಟ್ರ್ಯಾಕಿಗೆ. ಅಲ್ಲಿ ಎಂಜಿನ್ ಕೆಳಗಿನ ಆರ್‌ಪಿಎಮ್ಮಿಗೆ ಇಳಿಯುವುದೇ ಅಪರೂಪ.

ಎರಡು ಭಾಗಗಳನ್ನಂತೂ ಮುಟ್ಟಲೇಬೇಡ. ಒಂದು, ಕ್ರ್ಯಾಂಕಿನ ಮುಂದಿನ ಪುಲ್ಲಿ. ಹೆಚ್ಚಿನ ಡೀಸೆಲ್ ಗಾಡಿಗಳಲ್ಲಿ ಅದರ ಒಳಗೆ ರಬ್ಬರಿನ ಪದರವಿರುತ್ತದೆ. ಪ್ರತಿ ಏಟಿಗೂ ಕ್ರ್ಯಾಂಕ್ ಕೂದಲೆಳೆಯಷ್ಟು ತಿರುಚಿ ಬಿಡುತ್ತದೆ, ಆ ಅದುರುವಿಕೆಯನ್ನು ನುಂಗುವುದು ಆ ರಬ್ಬರ್. ಹಗುರವೆಂದು ಅಲ್ಯೂಮಿನಿಯಂ ಪುಲ್ಲಿ ಹಾಕಿದರೆ ಒಂದು ದಿನ ಕ್ರ್ಯಾಂಕೇ ತುಂಡಾಗಬಹುದು. ಇನ್ನೊಂದು, ಹೊಸ ಡೀಸೆಲ್ ಕಾರುಗಳ ಡ್ಯುಯಲ್ ಮಾಸ್ ಫ್ಲೈವೀಲ್. ಎರಡು ತುಂಡು, ನಡುವೆ ಸ್ಪ್ರಿಂಗು. ಎಂಜಿನ್ನಿನ ಏಟು ಗೇರ್‌ಬಾಕ್ಸಿಗೆ ತಾಗದಂತೆ ತಡೆಯುವುದು ಅದರ ಕೆಲಸ. ಅದನ್ನು ಲೇತಿಗೆ ಹಾಕುವಂತೆಯೇ ಇಲ್ಲ.

ಇಷ್ಟಾದ ಮೇಲೂ ನಿನ್ನದು ಪಂದ್ಯದ ಗಾಡಿ, ಮಾಡಿಸಲೇಬೇಕು ಎನ್ನುತ್ತೀಯಾ? ಹಾಗಾದರೆ ಹಳೆಯ ಬೀಡುಕಬ್ಬಿಣದ ಫ್ಲೈವೀಲನ್ನು ತೆಳ್ಳಗೆ ಕೊರೆಸಬೇಡ. ವೇಗ ಇಮ್ಮಡಿಯಾದರೆ ಅಂಚನ್ನು ಹೊರಕ್ಕೆ ಸೆಳೆಯುವ ಬಲ ನಾಲ್ಮಡಿಯಾಗುತ್ತದೆ, ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಕ್ಲಚ್ ಹೌಸಿಂಗ್ ಸೀಳಿ ಬರುವ ಚೂರಿನ ದಾರಿಯಲ್ಲೇ ನಿನ್ನ ಕಾಲಿರುತ್ತದೆ. ಪಂದ್ಯಕ್ಕೆಂದೇ ಮಾಡಿದ ಉಕ್ಕಿನ ಫ್ಲೈವೀಲ್ ತೆಗೆದುಕೋ. ಕ್ಲಚ್ ಪ್ಲೇಟ್ ಕೂರುವ ಮುಖ ದಪ್ಪವಾಗಿರಲಿ, ಕ್ಲಚ್ಚಿನ ಬಿಸಿಯನ್ನು ಹೀರುವುದು ಅದೇ. ಸೆನ್ಸರ್ ಓದುವ ಹಲ್ಲು, ಗುರುತುಗಳಿದ್ದರೆ ಅವು ಇದ್ದಲ್ಲೇ ಇರಬೇಕು, ಇಲ್ಲದಿದ್ದರೆ ಎಂಜಿನ್ ಚಾಲೂ ಆಗದು. ಪ್ರೆಷರ್ ಪ್ಲೇಟ್ ಸಮೇತ ಬ್ಯಾಲೆನ್ಸಿಂಗ್ ಮಾಡಿಸದೆ ಗಾಡಿಗೆ ಕೂರಿಸಲೇಬೇಡ.

ನಿಜವಾಗಿ ಡೀಸೆಲ್ ಎಂಜಿನ್ ಹಗುರ ಮಾಡುವ ದಾರಿ ಬೇರೆ. ಜಪಾನಿನ ಮಾಜ್ದಾ ಕಂಪನಿ 2012ರಲ್ಲಿ ತಂದ ಸ್ಕೈಆಕ್ಟಿವ್ ಡೀಸೆಲ್ ಎಂಜಿನ್ನಿನಲ್ಲಿ ಮೊದಲು ಒತ್ತುವ ಪ್ರಮಾಣವನ್ನೇ 14ಕ್ಕೆ ಇಳಿಸಿದರು. ಸಿಲಿಂಡರಿನ ಒಳಗಿನ ಒತ್ತಡ ತಗ್ಗಿತು. ಆದ್ದರಿಂದ ಕ್ರ್ಯಾಂಕ್, ಪಿಸ್ಟನ್ ಎಲ್ಲವನ್ನೂ ಹಗುರ ಮಾಡಲು ಬಂತು, ಅಲ್ಯೂಮಿನಿಯಂ ಬ್ಲಾಕ್ ಹಾಕಲು ಬಂತು, ಎಂಜಿನ್ 5,200 ಆರ್‌ಪಿಎಮ್ಮಿನವರೆಗೆ ಓಡಿತು. ಒತ್ತಡ ಇಳಿಸಿದವನಿಗೆ ಭಾರ ಇಳಿಸುವ ಹಕ್ಕು ಬರುತ್ತದೆ. ನೀನು ಟರ್ಬೊ ಬೂಸ್ಟ್ ಏರಿಸಿ, ಡೀಸೆಲ್ ಹೆಚ್ಚಿಸಿ, ಜೊತೆಗೆ ಕನೆಕ್ಟಿಂಗ್ ರಾಡನ್ನೂ ಉಜ್ಜಿ ತೆಳುಮಾಡಿದರೆ ಎರಡು ಕಡೆಯಿಂದಲೂ ಎಂಜಿನ್ನನ್ನು ಕೊಂದಂತೆ.

ಹಾಗಾಗಿ ಖರ್ಚನ್ನು ಈ ಕ್ರಮದಲ್ಲಿ ಮಾಡು. ಇಂಜೆಕ್ಟರ್ ಪರೀಕ್ಷೆ ಮಾಡಿಸು, ಏರ್ ಫಿಲ್ಟರ್ ಬದಲಿಸು, ಟರ್ಬೊ ಪೈಪಿನಲ್ಲಿ ಗಾಳಿ ಸೋರುತ್ತಿದೆಯೇ ನೋಡಿಸು; ಕಳೆದುಹೋದ ಪಿಕಪ್ ಹೆಚ್ಚಿನಂಶ ಇಲ್ಲೇ ಸಿಗುತ್ತದೆ. ಬಳಿಕ ಟೈರು ನೋಡು. ಅಳತೆ ಮೀರಿದ ಭಾರದ ಟೈರು, ರಿಮ್ಮು ಹಾಕಿಕೊಂಡು ಫ್ಲೈವೀಲಿನಲ್ಲಿ ಭಾರ ಹುಡುಕುವುದರಲ್ಲಿ ಅರ್ಥವಿಲ್ಲ. ಎಂದಾದರೂ ಎಂಜಿನ್ ಇಳಿಸಿದಾಗ ಪಿಸ್ಟನ್, ರಾಡುಗಳನ್ನು ತೂಕ ಹಾಕಿಸಿ ಒಂದಕ್ಕೊಂದು ಸರಿಹೊಂದಿಸು, ಕ್ರ್ಯಾಂಕ್ ಬ್ಯಾಲೆನ್ಸ್ ಮಾಡಿಸು. ಇವೆಲ್ಲ ಮುಗಿದ ಮೇಲೂ ಪಂದ್ಯಕ್ಕೆ ಚುರುಕು ಸಾಲದು ಎನಿಸಿದರೆ ಆಗ ಫ್ಲೈವೀಲಿನ ಮಾತಾಡು. ಬೆಟ್ಟ ಹತ್ತುವ, ಹೊರೆ ಹೊರುವ ಗಾಡಿಯಾದರೆ ಆ ಮಾತೇ ಬೇಡ, ಬಿಚ್ಚದೆ ಬಿಟ್ಟುಬಿಡು.