ಫೋನಿನ ಉಗ್ರಾಣವನ್ನು ಕುರಿತು ಒಂದು ಪಾಠ

ಹೋದ ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಊಟವಾದ ಮೇಲೆ ನಮ್ಮ ಸುತ್ತ ಕುಳಿತವರಲ್ಲಿ ಏಳೆಂಟು ಮಂದಿ ತಮ್ಮ ತಮ್ಮ ಯೂಟ್ಯೂಬ್ ಚಾನೆಲ್ಲುಗಳ ಸಮಾಚಾರವನ್ನು ಹೇಳುತ್ತಿದ್ದರು. ಚನ್ನಗಿರಿಯ ಕಡೆಯವಳು ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಇವುಗಳನ್ನು ತೋರಿಸುತ್ತಾಳೆ. ನ್ಯಾಮತಿ ತಾಲ್ಲೂಕಿನ ತಾಂಡಾದವಳು ಕನ್ನಡಿ ಕವಡೆಗಳ ಕಸೂತಿಯನ್ನು ಕಲಿಸುತ್ತಾಳೆ. ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ ನಡೆಯುವಾಗ ಅವಳ ಚಾನೆಲ್ಲನ್ನು ನೋಡುವವರು ಹೆಚ್ಚಂತೆ. ಜಗಳೂರಿನವಳದು ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಅಡಿಗೆಮನೆ. ಇದನ್ನೆಲ್ಲ ಕೇಳಿ ನಮಗೆ ಸಂತೋಷವಾಯಿತೆಂದು ಹೇಳಬೇಕಾದುದಿಲ್ಲ.

ಹೊನ್ನಾಳಿಯ ಕಡೆಯವಳೊಬ್ಬಳು ಮಾತ್ರ ಸುಮ್ಮನೆ ಕುಳಿತಿದ್ದಳು. ವಿಚಾರಿಸಲಾಗಿ ಮೆಲ್ಲಗೆ ಸಂಗತಿ ಹೊರಬಂದಿತು. ಅವಳ ತಾಯಿಯ ತಾಯಿ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ಚೆನ್ನಾಗಿ ಬಲ್ಲವರು. ಒಂದು ಬೇಸಗೆಯಲ್ಲಿ ಅವರನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿ, ಮುಕ್ಕಾಲು ಗಂಟೆಯಷ್ಟು ಹಾಡಿಸಿ ಫೋನಿನಲ್ಲಿ ಹಿಡಿದಿದ್ದಳು. ಅದರಲ್ಲಿ ನಾಲ್ಕು ನಿಮಿಷಗಳನ್ನು ಆಯ್ದು, ಹಿನ್ನೆಲೆಗೆ ವಾದ್ಯವನ್ನು ಸೇರಿಸಿ ಚಾನೆಲ್ಲಿನಲ್ಲಿ ಪ್ರಕಟಿಸಿದ್ದಳು. ಮಳೆಗಾಲದ ಹೊತ್ತಿಗೆ ಫೋನಿನಲ್ಲಿ ಸ್ಥಳ ಮುಗಿಯಿತು. “ಫೋಟೋ ಆ್ಯಪ್‌ನಲ್ಲಿ ಹೆಂಗೂ ಒಂದು ಕಾಪಿ ಇರುತ್ತೆ ಅಂದ್ಕೊಂಡು ಅಳಿಸಿಬಿಟ್ಟೆ, ಮಿಸ್. ಅಲ್ಲೂ ಹೋಗಿತ್ತು,” ಎಂದಳು. ಇದು ಅವಳಿಗೆ ತಿಳಿದದ್ದು ಮೂರು ತಿಂಗಳ ಮೇಲೆ, ಅಜ್ಜಿ ತೀರಿಕೊಂಡ ಹನ್ನೊಂದನೆಯ ದಿನ, ಮನೆಯವರೆಲ್ಲ ಕೂಡಿ ಆ ಹಾಡುಗಳನ್ನು ಕೇಳಬೇಕೆಂದಾಗ.

“ಫೋನು ತುಂಬಿದರೆ ಬೇಡದ್ದನ್ನು ಅಳಿಸಿಬಿಡು” ಎಂದು ಹಿಂದೊಮ್ಮೆ ಅವಳಿಗೆ ಹೇಳಿದವರು ನಾವೇ. ಯಾವುದು ಬೇಡದ್ದು, ಯಾವುದು ಬೇಕಾದದ್ದು ಎಂದು ಅರಿಯುವ ಬಗೆಯನ್ನು ಮಾತ್ರ ನಾವು ಹೇಳಿರಲಿಲ್ಲ. ಆದಕಾರಣ ಅಂದು ಬಿಟ್ಟುಹೋದ ಆ ಪಾಠವನ್ನು ಈಗ ಬರೆಯುತ್ತಿದ್ದೇವೆ.

ಮೊದಲು ವಿಡಿಯೋದ ತೂಕವನ್ನು ತಿಳಿಯತಕ್ಕದ್ದು. ಫೋನಿನ ಕ್ಯಾಮೆರಾದಲ್ಲಿ ಫುಲ್ ಎಚ್‌ಡಿ ಎಂಬ ಸಾಧಾರಣ ಮಟ್ಟದಲ್ಲಿ ಚಿತ್ರಿಸಿದರೆ, ಹಳೆಯ ಪದ್ಧತಿಯಲ್ಲಿ ಒಂದು ನಿಮಿಷಕ್ಕೆ ಸುಮಾರು 130 ಎಂಬಿ ಸ್ಥಳ ಹಿಡಿಯುತ್ತದೆ. ಎಚ್‌ಇವಿಸಿ ಎಂಬ ಹೊಸ ಪದ್ಧತಿಯಲ್ಲಿ ಅದರ ಅರ್ಧದಷ್ಟು. 4ಕೆ ಎಂಬ ಮಟ್ಟಕ್ಕೆ ಏರಿಸಿದರೆ ಹಳೆಯ ಪದ್ಧತಿಯಲ್ಲಿ ನಿಮಿಷಕ್ಕೆ 350 ಎಂಬಿಯಷ್ಟಾಗುತ್ತದೆ. ಫೋನಿನಿಂದ ಫೋನಿಗೆ ವ್ಯತ್ಯಾಸವುಂಟು, ಆದರೂ ಲೆಕ್ಕಕ್ಕೆ ಇಷ್ಟು ಸಾಕು. ಚನ್ನಗಿರಿಯ ನಮ್ಮ ಹುಡುಗಿ ಆರು ನಿಮಿಷದ ಒಂದು ವಿಡಿಯೋಕ್ಕಾಗಿ 40 ನಿಮಿಷ ಚಿತ್ರಿಸುತ್ತಾಳೆಂದು ಇಟ್ಟುಕೊಳ್ಳೋಣ. ಅದು 5 ಜಿಬಿಗೂ ಮೇಲಾಯಿತು. ತಿಂಗಳಿಗೆ ನಾಲ್ಕಾದರೆ 20 ಜಿಬಿ ದಾಟಿತು. ವರ್ಷಕ್ಕೆ 250 ಜಿಬಿ. 128 ಜಿಬಿಯ ಫೋನಿನಲ್ಲಿ ಇದು ಹಿಡಿಸುವುದು ಹೇಗೆ? ಅಡಿಗೆಯ ವಿಡಿಯೋಕ್ಕೆ 4ಕೆ ಏಕೆಂದು ನಾವು ಜಗಳೂರಿನವಳನ್ನು ಕೇಳಿದೆವು. ಯಾರೋ ಹೇಳಿದರಂತೆ. ಸಣ್ಣ ಪರದೆಯ ಮೇಲೆ ನೋಡುವವರಿಗೆ ಫುಲ್ ಎಚ್‌ಡಿ ಧಾರಾಳವಾಯಿತು. ಕ್ಯಾಮೆರಾದ ಸೆಟ್ಟಿಂಗ್ ಒಂದನ್ನು ಇಳಿಸಿದ್ದರಿಂದಲೇ ಅವಳಿಗೆ ಅರ್ಧಕ್ಕಿಂತ ಹೆಚ್ಚು ಸ್ಥಳ ಉಳಿಯಿತು.

ಇನ್ನು ಅಳಿಸುವ ಮಾತು. ಹೊನ್ನಾಳಿಯವಳು ಬಿದ್ದ ಗುಂಡಿ ಯಾವುದೆಂದರೆ, ಇಂಟರ್ನೆಟ್ಟಿನ ಖಾತೆಯೊಡನೆ ಜೋಡಿಸಿದ ಫೋಟೋ ಆ್ಯಪ್‌ನಲ್ಲಿ ಫೋನಿನ ಪ್ರತಿಯೂ ಖಾತೆಯ ಪ್ರತಿಯೂ ಒಂದೇ ಕಣ್ಣಿಯ ಎರಡು ತುದಿಗಳಿದ್ದಂತೆ. ಒಂದು ಕಡೆ ಅಳಿಸಿದರೆ ಮತ್ತೊಂದು ಕಡೆಯೂ ಅಳಿಯುತ್ತದೆ. ಫೋನಿನಲ್ಲಿ ಮಾತ್ರ ಸ್ಥಳ ಮಾಡಿ ಖಾತೆಯ ಪ್ರತಿಯನ್ನು ಉಳಿಸುವುದಕ್ಕೆ ಇಂಥ ಆ್ಯಪ್‌ಗಳಲ್ಲಿ ಬೇರೆಯೇ ಒಂದು ಆಜ್ಞೆ ಇರುತ್ತದೆ, ಅದನ್ನೇ ಒತ್ತಬೇಕು. ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನವೋ 60 ದಿನವೋ ಇರುತ್ತದೆ, ಆಮೇಲೆ ಅದನ್ನು ಮರಳಿ ಪಡೆಯಲಾಗದು. ಎಡಿಟಿಂಗ್ ಆ್ಯಪ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಕ್ಯಾಶೆ ಎಂಬುದನ್ನು ಅಳಿಸಿದರೆ ನಷ್ಟವಿಲ್ಲ. ಡೇಟಾ ಎಂಬುದನ್ನು ಅಳಿಸಿದರೂ ಆ್ಯಪನ್ನೇ ಕಿತ್ತುಹಾಕಿದರೂ ಅರ್ಧ ಮಾಡಿಟ್ಟ ಕೆಲಸವೆಲ್ಲ ಸಾಮಾನ್ಯವಾಗಿ ಅದರೊಂದಿಗೆ ಹೋಗುತ್ತದೆ. ಎರಡು ಹೆಸರುಗಳೂ ಒಂದೇ ಪುಟದಲ್ಲಿ ಪಕ್ಕಪಕ್ಕದಲ್ಲಿ ಇರುವುದರಿಂದ ಅವಸರದಲ್ಲಿ ಬೆರಳು ತಪ್ಪುವುದು ಸುಲಭ. ನಿಜವಾಗಿ ಬೇಡದ್ದು ಬೇರೆ ಕಡೆ ಇದೆ. ವಾಟ್ಸಾಪಿನ ಸೆಟ್ಟಿಂಗ್‌ನಲ್ಲಿ ಸ್ಟೋರೇಜ್ ಎಂಬ ಪುಟವನ್ನು ತೆರೆದರೆ ದೊಡ್ಡ ಕಡತಗಳೆಲ್ಲ ಸಾಲಾಗಿ ಕಾಣುತ್ತವೆ. ದಿನದಿನವೂ ಬರುವ ಶುಭೋದಯದ ಹೂವುಗಳು ಎಷ್ಟು ಜಾಗವನ್ನು ತಿಂದಿವೆಯೆಂದು ಅಲ್ಲಿ ನೋಡಿ ನಾವೇ ಬೆರಗಾದೆವು.

“ಚಾನೆಲ್ಲಿನಲ್ಲಿ ಇದೆಯಲ್ಲ, ಮತ್ತೇಕೆ ಇಟ್ಟುಕೊಳ್ಳಬೇಕು?” ಎಂದು ಕೇಳುವವರುಂಟು. ಪ್ರಕಟಿಸಿದ ವಿಡಿಯೋ ಮೂಲವಲ್ಲ. ಯೂಟ್ಯೂಬ್ ತಾನು ಸ್ವೀಕರಿಸಿದ ವಿಡಿಯೋವನ್ನು ಮತ್ತೆ ಕುಗ್ಗಿಸಿ ನೋಡುವವರಿಗೆ ಒದಗಿಸುತ್ತದೆ. ಒಡತಿಯೇ ತನ್ನ ವಿಡಿಯೋವನ್ನು ಯೂಟ್ಯೂಬ್ ಸ್ಟುಡಿಯೋದಿಂದ ಇಳಿಸಿಕೊಂಡರೆ 720 ಅಥವಾ 360 ಗೆರೆಗಳ ಪ್ರತಿ ಮಾತ್ರ ದೊರೆಯುತ್ತದೆ. ಟೇಕ್‌ಔಟ್ ಎಂಬ ಮಾರ್ಗದಿಂದ ಏರಿಸಿದ್ದನ್ನೆಲ್ಲ ಒಟ್ಟಿಗೆ ತರಿಸಿಕೊಳ್ಳಬಹುದು, ಆದರೂ ಏರಿಸದೆ ಬಿಟ್ಟ ನಲವತ್ತೊಂದು ನಿಮಿಷದ ಹಾಡು ಅಲ್ಲಿಂದ ಹೇಗೆ ಬಂದೀತು? ವಾಟ್ಸಾಪಿನಲ್ಲಿ ಸಾಧಾರಣ ರೀತಿಯಿಂದ ಕಳುಹಿಸಿದ ವಿಡಿಯೋ ಇನ್ನೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ 2 ಜಿಬಿಯವರೆಗೆ ಇದ್ದದ್ದು ಇದ್ದಂತೆ ಹೋಗುತ್ತದೆ. ಅಡಿಕೆಯ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಸಿ ಅಡಿಕೆಯನ್ನು ಬೇಯಿಸಿ ಕೆಂಪಡಿಕೆ ಮಾಡಬಹುದು, ಕೆಂಪಡಿಕೆಯನ್ನು ತಿರುಗಿ ಹಸಿಯಾಗಿಸಿದವರನ್ನು ನಾವು ಕಂಡಿಲ್ಲ.

ಅದಲ್ಲದೆ ಪರರ ಅಂಗಳದಲ್ಲಿ ಇಟ್ಟದ್ದು ಯಾವಾಗಲೂ ನಮ್ಮ ಕೈಗೆ ಎಟುಕುವುದೆಂಬ ಭರವಸೆಯಿಲ್ಲ. 2020ರ ಜೂನ್ 29ರಂದು ಭಾರತ ಸರಕಾರವು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧದ ನ್ಯಾಯಾನ್ಯಾಯವು ಇಲ್ಲಿಯ ವಿಷಯವಲ್ಲ. ಸಣ್ಣ ಊರುಗಳಲ್ಲಿ ಹೊಲದ ಬದುವಿನಲ್ಲಿಯೂ ಅಡಿಗೆಮನೆಯಲ್ಲಿಯೂ ನಿಂತು ವಿಡಿಯೋ ಮಾಡಿದ್ದವರು ಎಷ್ಟೋ ಮಂದಿ. ಅವರಲ್ಲಿ ತಮ್ಮ ಪ್ರತಿಯನ್ನು ತಾವು ಇಟ್ಟುಕೊಳ್ಳದಿದ್ದವರಿಗೆ ಕೆಲವೇ ದಿನಗಳಲ್ಲಿ ತಮ್ಮ ಕೆಲಸವೇ ಕಾಣದಾಯಿತು. ಇನ್ನೂ ಹಿಂದಕ್ಕೆ ಹೋದರೆ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಇಂದು ನೋಡೋಣವೆಂದರೆ ಅದರ ಪ್ರತಿಯಿಲ್ಲ. ಜನರು ಮುಗಿಬಿದ್ದು ನೋಡಿದ ಚಿತ್ರದ ಗತಿಯೇ ಹೀಗಾದ ಮೇಲೆ ನಮ್ಮ ಅಜ್ಜಿಯ ಹಾಡನ್ನು ಕಾಪಾಡುವವರು ನಾವಲ್ಲದೆ ಮತ್ತಾರು?

ಎಲ್ಲವನ್ನೂ ಇಟ್ಟುಕೊಳ್ಳಿರೆಂದು ನಾವು ಹೇಳುವುದಿಲ್ಲ. ಎಲ್ಲವನ್ನೂ ಇಟ್ಟುಕೊಂಡವಳಿಗೆ ಬೇಕಾದಾಗ ಏನೂ ಸಿಕ್ಕುವುದಿಲ್ಲ. ಜಗಳೂರಿನ ಸೀಮೆಯ ಹಿರಿಯರು ಮಳೆ ಹೋದ ವರ್ಷದಲ್ಲಿಯೂ ಬಿತ್ತನೆಯ ಬೀಜವನ್ನು ಊಟದ ಕಾಳಿನೊಡನೆ ಬೆರೆಸುತ್ತಿರಲಿಲ್ಲ; ಬೂದಿ ಬೆರೆಸಿ ಬೇರೆ ಗಡಿಗೆಯಲ್ಲಿ ಮುಚ್ಚಿಡುತ್ತಿದ್ದರು. ವಿಡಿಯೋಗಳಲ್ಲಿಯೂ ಬೀಜವೆಂಬುದುಂಟು. ನಾಳೆ ಮತ್ತೆ ಮಾಡಲಾರದ್ದು ಬೀಜ: ಹಿರಿಯರ ದನಿ, ಮಗುವಿನ ಮೊದಲ ಹೆಜ್ಜೆ, ಮದುವೆಯ ಸೋಬಾನೆ, ಕೈಬಿಟ್ಟುಹೋಗುತ್ತಿರುವ ಒಂದು ಕಸೂತಿಯ ಹೊಲಿಗೆ. ಇದರ ಮೂಲವನ್ನು, ಕತ್ತರಿಸದೆ, ವಾದ್ಯ ಸೇರಿಸದೆ, ಇದ್ದಂತೆಯೇ ಇಡತಕ್ಕದ್ದು. ರೊಟ್ಟಿ ತಟ್ಟುವುದನ್ನು ನಾಳೆಯೂ ಚಿತ್ರಿಸಬಹುದು. ಅಂಥದರಲ್ಲಿ ಮುಗಿದ ವಿಡಿಯೋವನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಪ್ರಕಟಿಸಿದ ತಿಂಗಳೊಳಗೆ ಅಳಿಸಿದರೆ ಕೊರತೆಯೇನೂ ಇಲ್ಲ. ಅಲುಗಿಹೋದದ್ದು, ಕೈ ಅಡ್ಡ ಬಂದದ್ದು, ಎರಡು ಬಾರಿ ತೆಗೆದದ್ದು ಇವುಗಳನ್ನು ಚಿತ್ರಿಸಿದ ದಿನವೇ ತೆಗೆದುಹಾಕಬೇಕು. ವಾರ ಕಳೆದರೆ ಯಾವುದು ಯಾವುದೆಂದು ಗುರುತು ಸಿಕ್ಕದು. ಕಡತಕ್ಕೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಗೆ ವಿಷಯ, ಹೀಗೆ ಬರೆದರೆ ಯಂತ್ರವೇ ಅವುಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಕೊಡುತ್ತದೆ.

ಬೀಜವನ್ನು ಎಲ್ಲಿ ಇಡಬೇಕು? 1 ಟಿಬಿಯ ಹೊರ ಹಾರ್ಡ್ ಡಿಸ್ಕ್ ಎಂದರೆ 1000 ಜಿಬಿ. ಮೇಲೆ ಹೇಳಿದ ಲೆಕ್ಕದಲ್ಲಿ ಒಂದನ್ನೂ ಅಳಿಸದಿದ್ದರೂ ನಾಲ್ಕು ವರ್ಷದ ಕೆಲಸ ಅದರಲ್ಲಿ ಹಿಡಿಸೀತು. ಅದರೊಳಗೆ ತಿರುಗುವ ತಟ್ಟೆಗಳಿರುವುದರಿಂದ ನಡೆಯುತ್ತಿರುವಾಗ ಅಲುಗಿಸಬಾರದು, ಕೆಡವಬಾರದು. ಸಂತೆಯಲ್ಲಿಯೂ ಇಂಟರ್ನೆಟ್ಟಿನಲ್ಲಿಯೂ ಕೆಲವು ನೂರು ರೂಪಾಯಿಗೆ 1 ಟಿಬಿ, 2 ಟಿಬಿ ಎಂದು ಮಾರುವ ಪೆನ್‌ಡ್ರೈವುಗಳಿಗೆ ಮರುಳಾಗಬೇಡಿರಿ. ಅವು ತೋರಿಸುವುದೊಂದು, ಹಿಡಿಸುವುದೊಂದು. ಹೆಚ್ಚಾದದ್ದನ್ನು ತುಂಬಿಕೊಂಡಂತೆ ನಟಿಸಿ ಹಾಳುಮಾಡುತ್ತವೆ. ಯಾವುದನ್ನೇ ಕೊಂಡರೂ ಪೂರ್ತಿ ತುಂಬಿಸಿ, ಕೊನೆಗೆ ಹಾಕಿದ ವಿಡಿಯೋವನ್ನು ತೆರೆದು ನೋಡಬೇಕು. ನಕಲು ಮಾಡಿದ ಮೇಲೆ, ಅಳಿಸುವುದಕ್ಕೆ ಮುಂಚೆ, ಅಲ್ಲಿಂದಲೇ ಒಂದು ಬಾರಿ ನಡೆಸಿ ನೋಡುವುದು ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ. ಈ ಪಾಠದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವೆನೆನ್ನುವವಳು ಇದನ್ನು ಇಟ್ಟುಕೊಳ್ಳಲಿ.

ಒಂದು ಡಿಸ್ಕ್ ಸಾಲದು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಸೂತ್ರವು ಸುಲಭವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಮನೆಯ ಹೊರಗೆ ಏಕೆಂಬುದನ್ನು ಹೊನ್ನಾಳಿಯವರು ಬೇಗ ಬಲ್ಲರು. ತುಂಗಭದ್ರೆ ತುಂಬಿ ಬಂದಾಗ ನದೀತೀರದ ಮನೆಗಳಿಗೆ ನೀರು ನುಗ್ಗುವುದುಂಟು. ಫೋನೂ ಡಿಸ್ಕೂ ಒಂದೇ ಬೀರುವಿನಲ್ಲಿದ್ದರೆ ಎರಡೂ ಒಂದೇ ನೀರಿನಲ್ಲಿ ಹೋಗುವವು. ನ್ಯಾಮತಿಯ ಅಕ್ಕನ ಮನೆಯಲ್ಲಿ ಒಂದು ಡಿಸ್ಕನ್ನಿಟ್ಟು ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ತುಂಬಿ ಬಂದರಾಯಿತು. ಇಂಟರ್ನೆಟ್ಟಿನ ಖಾತೆಯೂ ಹೊರಗಿನ ಪ್ರತಿಯೇ. ಗೂಗಲ್ ಖಾತೆಗೆ ಉಚಿತವಾಗಿ ದೊರೆಯುವ 15 ಜಿಬಿಯಲ್ಲಿ ಪತ್ರಗಳು, ಕಡತಗಳು, ಫೋಟೋಗಳು ಎಲ್ಲವೂ ಸೇರಿರುತ್ತವೆ. ಫುಲ್ ಎಚ್‌ಡಿ ವಿಡಿಯೋ ಮಾತ್ರ ಇಟ್ಟರೂ ಎರಡು ಗಂಟೆಯಷ್ಟು ಹಿಡಿಯದು. ಫೋಟೋಗಳನ್ನು ಮಿತಿಯಿಲ್ಲದೆ ಇಡುವ ಸೌಕರ್ಯವು 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಆ ಕಂಪನಿಯು 2023ರಲ್ಲಿ ಪ್ರಕಟಿಸಿತು. ಆದುದರಿಂದ ಅಲ್ಲಿ ಬೀಜವನ್ನು ಮಾತ್ರ ಇಟ್ಟು, ಆಗಾಗ ಒಳಹೊಕ್ಕು ನೋಡುತ್ತಿರಬೇಕು.

ತಂದೆತಾಯಿಗಳಲ್ಲಿ ಒಂದು ಮಾತು. ನಮ್ಮ ಬಳಿಗೆ ಬಂದ ಹುಡುಗಿಯರಲ್ಲಿ ಮೂವರ ಖಾತೆಗಳು ಅವರ ಹೆಸರಿನಲ್ಲಿರಲಿಲ್ಲ. ಒಬ್ಬಳದು ಅಣ್ಣನ ಮೊಬೈಲ್ ಸಂಖ್ಯೆಗೆ ಸೇರಿತ್ತು, ಒಬ್ಬಳದು ಅಂಗಡಿಯವನು ಮಾಡಿಕೊಟ್ಟದ್ದು, ಪಾಸ್‌ವರ್ಡ್ ಏನೆಂದು ಅವಳಿಗೇ ತಿಳಿಯದು. ಮೂರನೆಯವಳು ಮದುವೆಯಾಗಿ ಹೋಗುವಾಗ ಹಳೆಯ ಫೋನನ್ನು ತಮ್ಮನಿಗೆ ಬಿಟ್ಟಳು. ತಮ್ಮನು ಆಟದ ಆ್ಯಪ್‌ಗಾಗಿ ಎಲ್ಲವನ್ನೂ ಒರೆಸಿದನು. ಅವನಲ್ಲಿ ದುರುದ್ದೇಶವಿರಲಿಲ್ಲ. ಐದು ವರ್ಷ ಅಕ್ಕ ಕಷ್ಟಪಟ್ಟು ಮಾಡಿದ ಕೆಲಸವೊಂದು ಅದರಲ್ಲಿ ಇದೆಯೆಂಬುದು ಮನೆಯಲ್ಲಿ ಯಾರಿಗೂ ತೋರಿರಲಿಲ್ಲ, ಅಷ್ಟೆ. ಮಗಳಿಗೆ ಒಡವೆ ಕೊಡುವಾಗ ತೂಕ ನೋಡಿ ಚೀಟಿ ಬರೆಯಿಸುವ ನೀವು, ಅವಳ ಖಾತೆಯನ್ನು ಅವಳ ಹೆಸರಿಗೆ, ಅವಳ ಸಂಖ್ಯೆಗೆ ಮಾಡಿಸಿ, ಒಂದು ಡಿಸ್ಕನ್ನು ಅವಳ ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸಿರಿ.

ಹೊನ್ನಾಳಿಯವಳು ಈ ಬೇಸಗೆಯಲ್ಲಿ ತಿರುಗಿ ಬಂದಿದ್ದಳು. ಚಿತ್ರಿಸಿದ ದಿನವೇ ಅವಳು ಎರಡು ತುಣುಕುಗಳನ್ನು ಬೆಂಗಳೂರಿನ ಚಿಕ್ಕಮ್ಮನಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದಳಂತೆ; ಅದು ಅವಳಿಗೆ ಮರೆತೇ ಹೋಗಿತ್ತು. ಚಿಕ್ಕಮ್ಮ ಫೋನನ್ನು ಎಂದೂ ಅಳಿಸದವರು. ಒಟ್ಟು ಒಂಬತ್ತು ನಿಮಿಷ. ಚಿತ್ರವು ಕುಗ್ಗಿ, ಅಜ್ಜಿಯ ಸೆರಗಿನ ಅಂಚು ಮಸಕಾಗಿದೆ; ದನಿ ಮಾತ್ರ ಸ್ಪಷ್ಟವಾಗಿದೆ, ಬೀಸುವ ಕಲ್ಲಿನ ಸದ್ದೂ ಕೇಳುತ್ತದೆ. ಒಂದು ಪ್ರತಿ ಅವಳ ಡಿಸ್ಕಿನಲ್ಲಿ, ಒಂದು ಖಾತೆಯಲ್ಲಿ, ಮತ್ತೊಂದು ನಮ್ಮ ಶಾಲೆಯ ಕಚೇರಿಯ ಬೀರುವಿನಲ್ಲಿ ಹಾಜರಿ ಪುಸ್ತಕಗಳ ಪಕ್ಕದಲ್ಲಿ ಇದೆ. ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಕೊಠಡಿಯನ್ನು ಹಳೆಯ ವಿದ್ಯಾರ್ಥಿನಿಯರಿಗಾಗಿ ತೆರೆದಿರುತ್ತೇವೆ. ಬರುವವರು ಫೋನಿನ ಕೇಬಲ್ಲನ್ನು ತಾವೇ ತರತಕ್ಕದ್ದು, ಶಾಲೆಯಲ್ಲಿರುವುದು ಎರಡೇ.