ಮೆದು ಸ್ವಭಾವದ ಮಕ್ಕಳಿಗೆ ಎಂಥ ಕಾಲೇಜು

ವಸ್ತಾರೆ

ಪಿಯುಸಿ ಮುಗಿಸಿ ಬಿ.ಎ. ಸೇರಲಿರುವ ಎಳೆಯ ಓದುಗರಿಗೆ,

ಕಲಾ ವಿಭಾಗದ ಪದವಿಗೆ ಕಾಲೇಜು ಹುಡುಕುವಾಗ ಕಾಫಿ ಸೀಮೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ದೂರದ್ದು, ಆಮೇಲೆ ಖರ್ಚಿನದು, ಅದಾದ ಮೇಲೆ ಹೆಸರಿನದು. ಸೇರುವ ಹುಡುಗ ಅಥವಾ ಹುಡುಗಿಯ ಸ್ವಭಾವದ ಮಾತು ಬರುವುದೇ ಅಪರೂಪ. ಬಂದರೂ ಹಾಸ್ಟೆಲಿಗೆ ಹೊರಡುವ ದಿನ ‘ಸ್ವಲ್ಪ ಧೈರ್ಯ ಕಲಿ’ ಎಂಬ ಬುದ್ಧಿಮಾತಾಗಿ ಬರುತ್ತದೆ. ಜಗಳಕ್ಕೆ ನಿಲ್ಲದ, ಕೇಳಿದವರಿಗೆ ನೋಟ್ಸ್ ಕೊಟ್ಟು ತಾವು ಬರಿಗೈಯಲ್ಲಿ ಕೂರುವ, ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳನ್ನು ಊರು ‘ಪಾಪದವರು’ ಎಂದು ಕರೆದು ಸುಮ್ಮನಾಗುತ್ತದೆ. ಇಂಥವರ ವಿಷಯದಲ್ಲಿ ಸ್ವಭಾವದ ಪ್ರಶ್ನೆಯೇ ಮೊದಲು ಬರಬೇಕು. ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಕಾಲೇಜು ಮುಗಿಸಿ ಬಂದುಬಿಡುವವರು ಇವರೇ.

ಇಂಥ ಮಕ್ಕಳಿಗೆ ಮೊದಲು ನೆನಪಾಗುವುದು ಚಿಕ್ಕ ಕಾಲೇಜು. ಚಿಕ್ಕ ವಸತಿ ಕಾಲೇಜಿನಲ್ಲಿ ಸಾಹಿತ್ಯ, ಚರಿತ್ರೆ, ವಿಜ್ಞಾನಗಳನ್ನು ಬೆರೆಸಿ ಓದಿಸುವ ಕ್ರಮ ಗಟ್ಟಿಯಾಗಿ ಬೇರೂರಿದ್ದು ಅಮೆರಿಕದಲ್ಲಿ. ಕ್ವೇಕರ್ ಪಂಥದವರು 1864ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಸ್ವಾರ್ತ್‌ಮೋರ್, 1866ರಲ್ಲಿ ಮಿನೆಸೋಟದಲ್ಲಿ ಶುರುವಾದ ಕಾರ್ಲ್‌ಟನ್ ಅಂಥವು. ಅಲ್ಲಿ ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳು ಓದುತ್ತಾರೆ. ಹಿರಿಯ ಪ್ರಾಧ್ಯಾಪಕರು ಪದವಿ ತರಗತಿಗೇ ಪಾಠ ಹೇಳುತ್ತಾರೆ. ಕರ್ನಾಟಕದ ಏರ್ಪಾಟು ಬೇರೆ. ಇಲ್ಲಿನ ಹೆಚ್ಚಿನ ಕಾಲೇಜುಗಳು ವಿಶ್ವವಿದ್ಯಾಲಯವೊಂದಕ್ಕೆ ಸಂಯೋಜಿತವಾದವು. ಸಿಲಬಸ್, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಎಲ್ಲ ಅಲ್ಲಿಂದಲೇ. ಚಿಕ್ಕಮಗಳೂರು ಜಿಲ್ಲೆಯ ಪದವಿ ಕಾಲೇಜುಗಳಿಗೆ ಅದು 1987ರಲ್ಲಿ ಆರಂಭವಾದ, ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ. ಹಾಗಾಗಿ ಇಲ್ಲಿ ಕಾಲೇಜು ಚಿಕ್ಕದಾದರೆ ಓದುವ ವಿಷಯಗಳ ಸ್ವಾತಂತ್ರ್ಯವೇನೂ ಹೆಚ್ಚುವುದಿಲ್ಲ, ಹಲವು ಸಲ ಕಡಿಮೆಯೇ ಆಗುತ್ತದೆ. ಸಿಗುವ ಲಾಭ ಒಂದೇ: ಮೇಷ್ಟ್ರಿಗೆ ವಿದ್ಯಾರ್ಥಿಯ ಹೆಸರು, ಮುಖ, ಊರು ಗೊತ್ತಿರುತ್ತದೆ. ಮೆದು ಸ್ವಭಾವದವರಿಗೆ ಅದು ಸಣ್ಣ ಲಾಭವಲ್ಲ.

ಸಣ್ಣ ಊರಿನ ಕಾಲೇಜು ಎಂದರೆ ಎರಡನೇ ದರ್ಜೆ ಎಂಬ ತಾತ್ಸಾರಕ್ಕೆ ಮಲೆನಾಡು ಮತ್ತು ಕರಾವಳಿಯ ಚರಿತ್ರೆಯಲ್ಲಿ ಆಧಾರವಿಲ್ಲ. ಕವಿ ಗೋಪಾಲಕೃಷ್ಣ ಅಡಿಗರು 1964ರಿಂದ 1968ರವರೆಗೆ ಸಾಗರದ ಲಾಲ್ ಬಹದ್ದೂರ್ ಕಾಲೇಜಿಗೆ ಪ್ರಾಂಶುಪಾಲರಾಗಿದ್ದರು, ಅಲ್ಲಿಂದ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿಗೆ ಹೋದರು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂ ಇತ್ತು. ನಾಟಕ, ಪುಸ್ತಕ, ಮಾತು ಕೂಗಳತೆಯಲ್ಲೇ ಸಿಗುತ್ತಿದ್ದವು. ಉಡುಪಿಯಲ್ಲಿ 1949ರಲ್ಲಿ ಹುಟ್ಟಿದ ಎಂ.ಜಿ.ಎಂ. ಕಾಲೇಜು ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಕಾಲದಲ್ಲಿ ಜಾನಪದಕ್ಕೂ ಯಕ್ಷಗಾನಕ್ಕೂ ಮನೆಯಾಯಿತು. ಆದರೆ ಇವೆಲ್ಲ ವ್ಯಕ್ತಿಗಳ ಬಲದಿಂದ ಆದದ್ದು. ವ್ಯಕ್ತಿ ಹೋದರೆ ಕಾಲೇಜಿನ ಹದವೂ ಬದಲಾಗುತ್ತದೆ. ಆದ್ದರಿಂದ ಇಪ್ಪತ್ತು ವರ್ಷದ ಹಿಂದೆ ಅಣ್ಣನೋ ಅತ್ತೆಯೋ ಓದಿದ ಕಾಲೇಜಿನ ಗುಣಗಾನವನ್ನು ಇಂದಿನ ಸಾಕ್ಷಿಯಾಗಿ ಹಿಡಿಯಲಾಗದು. ಈಗ ಅಲ್ಲಿ ಪಾಠ ಹೇಳುತ್ತಿರುವವರು ಯಾರು ಎಂಬುದೇ ವಿಚಾರಿಸಬೇಕಾದ ಸಂಗತಿ.

ವಿಚಾರಿಸಿದರೆ ಎದುರಾಗುವುದು ಅತಿಥಿ ಉಪನ್ಯಾಸಕರ ವಿಷಯ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಅವರಲ್ಲಿ ಅತ್ಯುತ್ತಮ ಮೇಷ್ಟ್ರುಗಳಿದ್ದಾರೆ. ತೊಂದರೆ ಅವರದಲ್ಲ, ವ್ಯವಸ್ಥೆಯದು: ನೇಮಕ ತಡವಾದರೆ ತರಗತಿ ಖಾಲಿ, ಮುಂದಿನ ವರ್ಷ ಅದೇ ಮುಖ ಇರುತ್ತದೆಂಬ ಖಾತ್ರಿಯಿಲ್ಲ. ಗಟ್ಟಿ ದನಿಯ ಹುಡುಗ ಪ್ರತಿ ವರ್ಷ ಹೊಸ ಮೇಷ್ಟ್ರಿಗೆ ತನ್ನನ್ನು ಪರಿಚಯಿಸಿಕೊಳ್ಳುತ್ತಾನೆ. ಸಂಕೋಚದವನಿಗೆ ಒಬ್ಬರ ಹತ್ತಿರ ಬಾಯಿ ಬಿಡಲು ಒಂದು ವರ್ಷ ಬೇಕು; ಬಿಡುವ ಹೊತ್ತಿಗೆ ಅವರು ಹೋಗಿರುತ್ತಾರೆ. ಆರಿಸಿಕೊಳ್ಳುವ ಮೂರು ಐಚ್ಛಿಕ ವಿಷಯಗಳಲ್ಲಿ ಒಂದಕ್ಕಾದರೂ ಬಹುಕಾಲದಿಂದ ಅಲ್ಲೇ ಇರುವ ಅಧ್ಯಾಪಕರು ಇದ್ದಾರೆಯೇ ಎಂದು ನೋಡುವುದು ನ್ಯಾಕ್ ಗ್ರೇಡ್ ನೋಡುವುದಕ್ಕಿಂತ ಉಪಯುಕ್ತ. ಗ್ರೇಡು ಕಟ್ಟಡ, ದಾಖಲೆ, ಪ್ರಕಟಣೆಗಳನ್ನು ಅಳೆಯುತ್ತದೆ. ಕಾರಿಡಾರಿನಲ್ಲಿ ನಿಲ್ಲಿಸಿ ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳುವವರು ಇದ್ದಾರೋ ಇಲ್ಲವೋ ಎಂಬುದನ್ನಲ್ಲ.

ಚಿಕ್ಕ ಕಾಲೇಜಿಗೆ ಇನ್ನೊಂದು ಮುಖವೂ ಇದೆ. ಕಲಾ ವಿಭಾಗದಲ್ಲಿ ಮೂವತ್ತೇ ಜನ ಇದ್ದು, ಅವರಲ್ಲಿ ಒಂದು ಗುಂಪು ಒಬ್ಬನನ್ನು ಗೇಲಿಗೆ ಆರಿಸಿಕೊಂಡರೆ, ಅವನು ಹೋಗಿ ಸೇರಲು ಬೇರೆ ಗುಂಪೇ ಇರುವುದಿಲ್ಲ. ಸಣ್ಣ ಊರಿನಲ್ಲಿ ಯಾರ ಮಗ, ಯಾವ ಎಸ್ಟೇಟು, ಯಾವ ಜಾತಿ, ಕಾರ್ಮಿಕರ ಲೈನ್ ಮನೆಯವನೋ ಸಾಹುಕಾರರ ಮನೆಯವನೋ ಎಂಬುದೆಲ್ಲ ಮೊದಲ ವಾರವೇ ತಿಳಿದುಬಿಡುತ್ತದೆ. ಇದರಿಂದ ತಪ್ಪಿಸಿಕೊಂಡು ಹೊಸಬರಾಗಿ ಬದುಕಬೇಕು ಎನ್ನುವವರಿಗೆ ಚಿಕ್ಕಮಗಳೂರಿನ ಐಡಿಎಸ್‌ಜಿ ಸರ್ಕಾರಿ ಕಾಲೇಜಿನಂಥ ದೊಡ್ಡ ಆವರಣವೇ ಹೆಚ್ಚು ನೆಮ್ಮದಿ ಕೊಟ್ಟೀತು. ಮೆದು ಎಂದರೆ ಒಂದೇ ಬಗೆಯಲ್ಲ. ಗದ್ದಲಕ್ಕೆ ಹೆದರುವವರು ಬೇರೆ, ಗುರುತಿಗೆ ಹೆದರುವವರು ಬೇರೆ.

ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಕಡೆಯವರಿಗೆ ಇರುವ ದಾರಿಗಳನ್ನು ಹೀಗೆ ನೋಡಬಹುದು. ಮನೆಯಿಂದಲೇ ಓಡಾಡಬೇಕಾದವರಿಗೆ ಐಡಿಎಸ್‌ಜಿ ಅಥವಾ ಮೂಡಿಗೆರೆಯ ಡಿ.ಎಸ್. ಬಿಳಿಗೌಡ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಶೃಂಗೇರಿ ಕಡೆಗೆ ಜೆಸಿಬಿಎಂ ಕಾಲೇಜು. ಚಾರ್ಮಾಡಿ ಘಾಟಿ ಇಳಿದರೆ ಉಜಿರೆಯಲ್ಲಿ 1966ರಲ್ಲಿ ಶುರುವಾದ ಎಸ್‌ಡಿಎಂ ಕಾಲೇಜು. ಸ್ವಾಯತ್ತವಾದ್ದರಿಂದ ವಿಷಯಗಳ ಆಯ್ಕೆ ವಿಸ್ತಾರ. ಹಾಸ್ಟೆಲುಗಳ ಶಿಸ್ತು ಬಿಗಿ. ದಿನಚರಿ ಗಟ್ಟಿಯಾಗಿದ್ದರೆ ಹಗುರಾಗುವ ಮಕ್ಕಳಿದ್ದಾರೆ, ಉಸಿರುಗಟ್ಟುವವರೂ ಇದ್ದಾರೆ. ಮೇಷ್ಟ್ರಾಗುವ ಆಸೆಯುಳ್ಳವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. 1963ರಲ್ಲಿ ಸ್ಥಾಪನೆಯಾದ, ಎನ್‌ಸಿಇಆರ್‌ಟಿಯ ಈ ಸಂಸ್ಥೆ ಪದವಿ ಮತ್ತು ಬಿ.ಎಡ್. ಕೂಡಿದ ನಾಲ್ಕು ವರ್ಷದ ಕೋರ್ಸಿಗೆ ಹೆಸರಾದದ್ದು. ಪ್ರವೇಶ ಪರೀಕ್ಷೆ ಬರೆಯಬೇಕು. ಅಮೆರಿಕದ ಮಾದರಿಗೆ ಹತ್ತಿರದ್ದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. 2010ರ ರಾಜ್ಯ ಕಾಯ್ದೆಯಿಂದ ರೂಪುಗೊಂಡ ಅದು 2015ರಲ್ಲಿ ಪದವಿ ತರಗತಿ ಆರಂಭಿಸಿತು. ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತದೆ. ಹೀಗಾಗಿ ಶುಲ್ಕದ ಪಟ್ಟಿ ನೋಡಿ ಗಾಬರಿಯಾಗಿ ಅರ್ಜಿಯನ್ನೇ ಹಾಕದಿರುವುದು ಸರಿಯಲ್ಲ. ಅಲ್ಲಿನ ನಿಜವಾದ ಅಡ್ಡಿ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ, ಮೊದಲೇ ಮಾತು ಕಡಿಮೆಯ ಹುಡುಗಿ ಚರ್ಚೆಯೇ ಪಾಠವಾಗಿರುವ ತರಗತಿಯಲ್ಲಿ ಮೊದಲ ವರ್ಷ ಮೂಕಿಯಾಗಬಹುದು. ಭಾಷೆಗೆ ಬೇರೆ ತರಗತಿ ಇದೆಯೇ, ಎಷ್ಟು ದಿನ ನಡೆಯುತ್ತದೆ ಎಂದು ಮೊದಲೇ ತಿಳಿದುಕೊಂಡಿರಬೇಕು.

ಓದಿನ ಅವಧಿಯ ಬಗ್ಗೆ ಗೊಂದಲವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿ ತಂದಿತ್ತು. ರಾಜ್ಯ ಶಿಕ್ಷಣ ನೀತಿಗಾಗಿ ರಚಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ನಂತರ 2024–25ರಿಂದ ಮತ್ತೆ ಮೂರು ವರ್ಷವಾಯಿತು. ಸರ್ಕಾರಿ ಕಾಲೇಜಿಗೆ ಅರ್ಜಿ ಯುಯುಸಿಎಂಎಸ್ ಜಾಲತಾಣದಲ್ಲಿ. ಎಚ್‌ಇಪಿ, ಎಚ್‌ಇಕೆ ಎಂಬ ಕಾಂಬಿನೇಶನ್ನುಗಳಲ್ಲಿ ಯಾವುದು ಆ ಕಾಲೇಜಿನಲ್ಲಿ ನಿಜವಾಗಿಯೂ ನಡೆಯುತ್ತಿದೆ ಎಂಬುದನ್ನು ಕಚೇರಿಯಲ್ಲಿ ಕೇಳಿಯೇ ತಿಳಿಯಬೇಕು. ಪಟ್ಟಿಯಲ್ಲಿದ್ದು ವಿದ್ಯಾರ್ಥಿಗಳಿಲ್ಲದೆ ನಿಂತುಹೋದವು ಇರುತ್ತವೆ.

ಹಾಸ್ಟೆಲಿನ ವಿಷಯದಲ್ಲಿ ಮೃದು ಮನಸ್ಸಿನವರ ಮನೆಯವರು ಸಂಕೋಚ ಬಿಡಬೇಕು. ಯುಜಿಸಿಯ 2009ರ ನಿಯಮಗಳ ಪ್ರಕಾರ ರ‍್ಯಾಗಿಂಗ್ ವಿರುದ್ಧ ವಿದ್ಯಾರ್ಥಿ ಮತ್ತು ಪೋಷಕರು ಪ್ರಮಾಣಪತ್ರ ಕೊಡಬೇಕು, ಕಾಲೇಜಿನಲ್ಲಿ ತಡೆ ಸಮಿತಿ ಇರಬೇಕು, ಹೊಸಬರನ್ನು ಆದಷ್ಟೂ ಬೇರೆ ಕಟ್ಟಡದಲ್ಲಿ ಇರಿಸಬೇಕು. ಸಹಾಯವಾಣಿ 1800-180-5522. ಸಮಿತಿಯ ಹೆಸರುಗಳಿರುವ ಫಲಕ ಎಲ್ಲಿದೆ ಎಂದು ಕೇಳಿದಾಗ ಕಚೇರಿಯವರು ತಡವರಿಸಿದರೆ ಅದೇ ಒಂದು ಉತ್ತರ. ವಾರ್ಡನ್ ಹಾಸ್ಟೆಲಿನಲ್ಲೇ ಮಲಗುತ್ತಾರೋ ಇಲ್ಲವೋ ಎಂಬುದನ್ನೂ ಕೇಳಬೇಕು. ಮನಸ್ಸು ಕುಗ್ಗಿದಾಗ ಮಾತನಾಡಲು ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಹಣದ ಲೆಕ್ಕ ಅಷ್ಟು ತೊಡಕಿನದಲ್ಲ. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ವಿನಾಯಿತಿ ಇದೆ. ಹಿಂದುಳಿದ ವರ್ಗದವರಿಗೆ ಬಿಸಿಎಂ ಹಾಸ್ಟೆಲ್. ಅಲ್ಲಿ ಸೀಟು ಸಿಗದ ಅರ್ಹರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ಹತ್ತು ತಿಂಗಳು ಹಣದ ನೆರವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಈ ಗುಡ್ಡಗಳ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಕಾರ್ಮಿಕರೇ ಕಟ್ಟಿ ನಡೆಸಿದ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಆ ಭಾಗದ ಕಾಲೇಜು ಮಕ್ಕಳಿಗೆ ಆದ ನಷ್ಟ ಸಣ್ಣದಲ್ಲ. ಮಳೆಗಾಲವನ್ನೂ ಎಣಿಸಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಬಂದಾದಾಗ ಉಜಿರೆ, ಮಂಗಳೂರಿನಲ್ಲಿದ್ದವರಿಗೆ ಮನೆಯ ದಾರಿ ಸುತ್ತುಬಳಸಾಯಿತು. ವಾರ ವಾರ ಮನೆಗೆ ಬಂದೇ ತೀರಬೇಕು ಎನ್ನುವ ಮಗು ಘಾಟಿಯಾಚೆ ಸೇರುವುದು ಅಷ್ಟು ಸರಿಹೋಗದು.

ಕಾಲೇಜನ್ನು ನೋಡಲು ಪ್ರವೇಶದ ದಿನ ತಕ್ಕುದಲ್ಲ. ಅಂದು ಎಲ್ಲರೂ ನಗುತ್ತಿರುತ್ತಾರೆ. ಪಾಠ ನಡೆಯುವ ಸಾಮಾನ್ಯ ದಿನ ಹೋಗಿ, ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದಲ್ಲಿ ಎಷ್ಟು ಜನ ಕೂತಿದ್ದಾರೆ, ಪುಸ್ತಕದ ಕಪಾಟಿಗೆ ಬೀಗ ಇದೆಯೇ ಇಲ್ಲವೇ, ಸ್ಟಾಫ್ ರೂಮಿನ ಬಾಗಿಲಲ್ಲಿ ಮಕ್ಕಳು ಹೇಗೆ ನಿಂತಿದ್ದಾರೆ ಎಂದು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಎರಡನೇ ವರ್ಷದ ಒಬ್ಬ ಸಂಕೋಚದ ವಿದ್ಯಾರ್ಥಿಯನ್ನು ಮಾತನಾಡಿಸಬೇಕು. ವಿದ್ಯಾರ್ಥಿ ಸಂಘದ ಅಧ್ಯಕ್ಷ, ಕಾರ್ಯದರ್ಶಿ ಎಂದು ಮುಂದೆ ಬರುವವರ ಮಾತು ಇಲ್ಲಿ ಉಪಯೋಗಕ್ಕೆ ಬಾರದು.

ಇಷ್ಟೆಲ್ಲ ನೋಡಿ ಸೇರಿದ ಮೇಲೂ ಕಾಲೇಜು ಒಗ್ಗದಿದ್ದರೆ, ಮೊದಲ ವರ್ಷ ಮುಗಿದ ನಂತರ ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಾಲೇಜಿಗೆ ವರ್ಗಾವಣೆ ಕೇಳಬಹುದು. ಎರಡೂ ಕಡೆಯ ಪ್ರಾಂಶುಪಾಲರ ಒಪ್ಪಿಗೆ ಬೇಕು, ಐಚ್ಛಿಕ ವಿಷಯಗಳು ಹೊಸ ಕಾಲೇಜಿನಲ್ಲೂ ಇರಬೇಕು. ಕುವೆಂಪುವಿನಿಂದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ಕಾಗದಪತ್ರ ಹೆಚ್ಚು, ಪತ್ರಿಕೆಗಳು ಹೊಂದದೆ ಕೆಲವನ್ನು ಮತ್ತೆ ಬರೆಯಬೇಕಾಗಿ ಬರಬಹುದು. ಆದ್ದರಿಂದ ಎರಡನೇ ಸೆಮಿಸ್ಟರಿನ ಪರೀಕ್ಷೆಗೆ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಇತಿ,
ವಸ್ತಾರೆಯ ಒಬ್ಬ ಹಿರಿಯ