ಫಿಲ್ಮ್ ನೋಡುವ ಮೊದಲು ಕೌಂಟ್ ಕೇಳು

ಮುಂದಿನ ವಾರದಿಂದ ಮಕ್ಕಳ ಕ್ಯಾನ್ಸರ್ ವಾರ್ಡಿನ ಫಿಲ್ಮುಗಳೆಲ್ಲ ನಿನ್ನ ಮೇಜಿಗೇ ಬರುತ್ತವಂತೆ, ಸಂತೋಷ ಕಣಮ್ಮ. ಪುಸ್ತಕದಲ್ಲಿರುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ಒಂದೇ: ಫಿಲ್ಮ್ ಬೆಳಕಿಗೆ ಹಿಡಿಯುವ ಮೊದಲು ಆವತ್ತಿನ ನ್ಯೂಟ್ರೋಫಿಲ್ ಕೌಂಟ್ ಎಷ್ಟೆಂದು ಕೇಳು.

ನಾನು ಇದನ್ನು ತಪ್ಪು ಮಾಡಿ ಕಲಿತವನು. ರಕ್ತದ ಕ್ಯಾನ್ಸರಿನ ಹುಡುಗ, ಆರು ವರ್ಷ. ಕೀಮೋ ಆಗಿ ನ್ಯೂಟ್ರೋಫಿಲ್ ನೂರಕ್ಕೂ ಕೆಳಗೆ ಬಿದ್ದಿತ್ತು, ಐದು ದಿನದಿಂದ ಜ್ವರ. ಎದೆಯ ಎಕ್ಸ್‌ರೇ ಸ್ವಚ್ಛವಾಗಿತ್ತು. ‘ನಾರ್ಮಲ್’ ಎಂದು ಬರೆದು ಊಟಕ್ಕೆ ಹೋದೆ. ಮಾರನೆಯ ದಿನ ಸಿ.ಟಿ. ಮಾಡಿದರೆ ಎರಡೂ ಶ್ವಾಸಕೋಶದಲ್ಲಿ ಫಂಗಸ್ಸಿನ ಗಂಟುಗಳು. ನ್ಯುಮೋನಿಯಾದಲ್ಲಿ ನಮಗೆ ಕಾಣುವ ಬಿಳುಪಿನಲ್ಲಿ ದೊಡ್ಡ ಪಾಲು ರೋಗಾಣುವಿನದಲ್ಲ, ಅದರ ಮೇಲೆ ಮುಗಿಬಿದ್ದ ಬಿಳಿ ರಕ್ತಕಣಗಳದ್ದು. ಸೈನ್ಯವೇ ಇಲ್ಲದ ಊರಲ್ಲಿ ಯುದ್ಧದ ಧೂಳು ಏಳುವುದೆಲ್ಲಿಂದ? ಅಪ್ಲಾಸ್ಟಿಕ್ ಅನೀಮಿಯಾದ ಮಕ್ಕಳಲ್ಲಂತೂ ಮಜ್ಜೆ ಬತ್ತಿ ತಿಂಗಳುಗಟ್ಟಲೆ ಹೀಗೇ ಇರಬಹುದು. ಫಂಗಸ್ಸಿಗೆ ಅಷ್ಟು ಸಮಯ ಧಾರಾಳ.

ಹಾಗಾಗಿ ಕೌಂಟ್ 500ಕ್ಕಿಂತ ಕೆಳಗಿದ್ದು, ಆಂಟಿಬಯಾಟಿಕ್ ಕೊಟ್ಟು 96 ಗಂಟೆಯಾದರೂ ಜ್ವರ ಬಿಡದಿದ್ದರೆ, ಎದೆಯ ಸಿ.ಟಿ. ಮಾಡಿಸಿ ಎಂದು ನೀನೇ ಬಾಯಿಬಿಟ್ಟು ಹೇಳು. ಗಂಟಿನ ಸುತ್ತ ಮಂಜಿನ ಬಳೆ ಕಂಡರೆ ಮೊದಲು ಆಸ್ಪರ್ಜಿಲಸ್ ನೆನಪಾಗಲಿ; ಅದು ರಕ್ತನಾಳ ಕೊರೆದು ಸುತ್ತ ಒಸರಿಸಿದ ರಕ್ತ. ಮಂಜು ಒಳಗಿದ್ದು ದಪ್ಪ ಬಳೆ ಹೊರಗಿದ್ದರೆ ಮ್ಯೂಕರ್ ಇರಬಹುದು. ಆದರೆ ಪುಟ್ಟ ಮಕ್ಕಳಲ್ಲಿ ಈ ಗುರುತುಗಳು ಎಷ್ಟೋ ಸಲ ಕಾಣುವುದೇ ಇಲ್ಲ. ಬರೀ ಗಂಟೆಂದು ಹಗುರ ಮಾಡಬೇಡ.

ಕೌಂಟಿನ ಇನ್ನೊಂದು ಮಗ್ಗುಲು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಮದ್ದು ಹಿಡಿಯುತ್ತಿದ್ದರೂ ಮೊದಲ ವಾರ ಗಂಟು ದೊಡ್ಡದಾಗಬಹುದು. ಕೌಂಟ್ ಏರತೊಡಗಿದ ಮೇಲೆ ಗಂಟಿನೊಳಗೆ ಅರ್ಧಚಂದ್ರದಂತೆ ಗಾಳಿ ಮೂಡಬಹುದು. ಯಕೃತ್ತಿನಲ್ಲಿ ಅಡಗಿದ ಕ್ಯಾಂಡಿಡಾದ ಚುಕ್ಕೆಗಳು ಕೂಡ ಕಣಗಳು ಮರಳಿದಾಗಲೇ ಎದ್ದು ಕಾಣುವುದು. ‘ರೋಗ ಹೆಚ್ಚಾಗಿದೆ’ ಎಂದು ನೀನು ಒಂದು ಸಾಲು ಬರೆದರೆ ವಾರ್ಡಿನಲ್ಲಿ ಮದ್ದು ಬದಲಾಗುತ್ತದೆ, ಹೊರಗೆ ಬೆಂಚಿನ ಮೇಲೆ ಕೂತ ತಾಯಿ ಕುಸಿಯುತ್ತಾಳೆ. ಆ ಸಾಲಿನ ಪಕ್ಕ ಕೌಂಟೂ ಇರಲಿ.

ಕೌಂಟ್ ಬಿದ್ದ ಮಗು ಹೊಟ್ಟೆಯ ಬಲಗಡೆ ನೋವೆಂದರೆ ಮೊದಲು ಅಲ್ಟ್ರಾಸೌಂಡ್, ಅದೂ ಹಾಸಿಗೆಯ ಹತ್ತಿರವೇ. ಕರುಳಿನ ಗೋಡೆಯ ದಪ್ಪ 3 ಮಿ.ಮೀ. ದಾಟಿದೆಯೇ ನೋಡು. ಕರುಳು ಮೃದುವಾಗಿರುತ್ತದೆ, ಪ್ಲೇಟ್‌ಲೆಟ್ಟೂ ಕಡಿಮೆ ಇರುತ್ತದೆ, ಜೋರಾಗಿ ಒತ್ತಬೇಡ. ಮೂಗು, ಮುಖದ ತೊಂದರೆ ಏನೂ ಇಲ್ಲದ ಮಗುವಿಗೆ ‘ಇದೊಂದು ಇರಲಿ’ ಎಂದು ಸೈನಸ್ ಸಿ.ಟಿ. ಕೇಳಿದರೆ ಬೇಡವೆನ್ನು. ಈ ಮಕ್ಕಳು ಗುಣವಾಗಿ ಬಹಳ ವರ್ಷ ಬಾಳಬೇಕಾದವರು, ರೇಡಿಯೇಷನ್ನಿನ ಲೆಕ್ಕ ಅವರ ಜೊತೆಗೇ ಹೋಗುತ್ತದೆ.

ಕೌಂಟ್ ಬರೆಯದ ಚೀಟಿ ಬಂದರೆ ವಾರ್ಡಿಗೆ ಫೋನ್ ಹಚ್ಚು. ರಾತ್ರಿ ಪಾಳಿಯ ಸಿಸ್ಟರ್ ಮೊದಮೊದಲು ಗೊಣಗುತ್ತಾರೆ. ಎರಡನೇ ವಾರಕ್ಕೆ ಅವರೇ ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತಾರೆ.